ಹಳದಿ ಡಬ್ಬಿಯ ಅಂಟಿನ ಮೇಲೆ ಒಂದು ದೂರು

ಜನವರಿ 9

ಅಂಟು ಕಾರ್ಖಾನೆಯ ಗ್ರಾಹಕರ ದೂರು ವಿಭಾಗದವರಿಗೆ,

ಮಾನ್ಯರೇ ಎಂದು ಶುರುಮಾಡಬೇಕಂತೆ. ಮಾಡುವುದಿಲ್ಲ. ಮಾನ್ಯರಾದವರು ಮೂವತ್ತು ವರ್ಷ ಚೆನ್ನಾಗಿದ್ದ ಅಂಟನ್ನು ಕೆಡಿಸಿ, ಅದರ ಡಬ್ಬಿಯ ಮೇಲೆ ‘ಹೊಸ, ಸುಧಾರಿತ’ ಎಂದು ಅಚ್ಚು ಹಾಕಿಸುವುದಿಲ್ಲ.

ನಾನು ಶಾಲೆಯಲ್ಲಿ ಕ್ರಾಫ್ಟ್ ಟೀಚರು. ಮೂವತ್ತೊಂದು ವರ್ಷದ ಸರ್ವಿಸು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಗೋಂದು ಟೀಚರ್ ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ. ನಿಮ್ಮ ಹಳದಿ ಡಬ್ಬಿಯ ರಬ್ಬರ್ ಅಂಟನ್ನು ನಾನು ಬಳಿದಷ್ಟು ನೀವೂ ಬಳಿದಿರಲಾರಿರಿ. ಮುಚ್ಚಳದಲ್ಲೇ ಕುಂಚ ಇರುತ್ತಿತ್ತು. ಒಂದು ಕಡೆಗೆ ತೆಳ್ಳಗೆ ಹಚ್ಚಿ, ಅರವತ್ತು ಎಣಿಸಿ, ಒತ್ತಿದರೆ ನಿಲ್ಲುತ್ತಿತ್ತು. ಬೇಡವೆಂದಾಗ ಎಳೆದರೆ ತಕರಾರಿಲ್ಲದೆ ಬರುತ್ತಿತ್ತು. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸಣ್ಣ ಉಂಡೆಗಳಾಗಿ ಉದುರುತ್ತಿತ್ತು, ಕೆಳಗಿನ ಬಣ್ಣಕ್ಕೆ ಒಂದು ಗೀರೂ ಇಲ್ಲ.

ಅಂಥ ಅಂಟು ಯಾಕೆ ಬೇಕು ಎಂದರೆ, ಮನೆಯಲ್ಲಿ ನಮ್ಮ ಬೀದಿಯ ಮಾದರಿಯೊಂದನ್ನು ಕಟ್ಟಿದ್ದೇನೆ. ಬಾಗಿಲಿನಷ್ಟು ದೊಡ್ಡ ಹಲಗೆ, ಇಪ್ಪತ್ತೇಳು ರಟ್ಟಿನ ಮನೆಗಳು, ಹೆಬ್ಬೆರಳುದ್ದದ ಅರವತ್ತಮೂರು ಮಣ್ಣಿನ ಗೊಂಬೆಗಳು. ಬೀದಿಯಲ್ಲಿ ಇರುವವರೆಲ್ಲ ಅದರಲ್ಲಿದ್ದಾರೆ. ಮನೆ ಬದಲಾಯಿಸಿದವರನ್ನು ಅಲ್ಲೂ ಬದಲಾಯಿಸುತ್ತೇನೆ. ಬೀದಿ ಬಿಟ್ಟುಹೋದವರನ್ನು, ತೀರಿಕೊಂಡವರನ್ನು ಬಿಡಿಸಿ, ಹತ್ತಿಯಲ್ಲಿ ಸುತ್ತಿ, ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ನಿಯಮ.

ಈಗ ಊರಿನ ಲೈಬ್ರರಿಯವರು ಅದನ್ನು ಕೇಳಿದ್ದಾರೆ. ಅಳತೆ ತೆಗೆದುಕೊಳ್ಳಲು ನಾಲ್ಕು ಸಲ ಬಂದುಹೋದರು. ಮಾರ್ಚ್ 15ಕ್ಕೆ ಗಾಜಿನ ಕೆಲಸದವರು ಮನೆಗೇ ಬಂದು ಪೆಟ್ಟಿಗೆ ಮುಚ್ಚುತ್ತಾರೆ. ಮುಚ್ಚಿದ ಮೇಲೆ ತೆರೆಯುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ನಿಮ್ಮ ಸುಧಾರಿತ ಅಂಟು ಕೈ ಕೊಟ್ಟಿದೆ. ದರ್ಜಿ ಚರಂಡಿಯಲ್ಲಿ ತಲೆಕೆಳಗಾಗಿದ್ದಾನೆ. ಹಲ್ಲಿನ ಡಾಕ್ಟರು ಬೇಕರಿಯವಳ ಮೇಲೆ ಬೋರಲು ಬಿದ್ದಿದ್ದಾರೆ. ಡಾಕ್ಟರ ಹೆಂಡತಿ ನೋಡಿದರೆ ಉತ್ತರ ಹೇಳುವುದು ನೀವು. ನಮ್ಮ ಮನೆಯ ಗೇಟಿನ ಬಳಿ ಇರುವ ಗೊಂಬೆಯಂತೂ ದಿನಕ್ಕೆ ಮೂರು ಸಲ ಬೀಳುತ್ತದೆ. ಉಳಿದವರು ಬಿದ್ದರೆ ಬೀಳಲಿ. ಅದು ಬೀಳಬಾರದು.

ಎರಡೂ ಕಡೆ ಹಚ್ಚಿ, ಗಟ್ಟಿಯಾಗುತ್ತದೆ ಎಂದು ನನಗೆ ಪಾಠ ಹೇಳಬೇಡಿ. ಆ ಪಾಠ ನಾನೇ ಸಾವಿರಾರು ಮಕ್ಕಳಿಗೆ ಹೇಳಿದ್ದೇನೆ. ನಾನು ಯಾರನ್ನೂ ಹಾಗೆ ಅಂಟಿಸುವುದಿಲ್ಲ. ನನಗೆ ಹಳೆಯ ಅಂಟು ಕಳಿಸಿ.

ಸಿಟ್ಟಿನಿಂದ,
ಕ್ರಾಫ್ಟ್ ಟೀಚರ್


ಜನವರಿ 20

ಗೌರವಾನ್ವಿತ ಗ್ರಾಹಕರೇ,

ತಮ್ಮ ಪತ್ರ ತಲುಪಿದೆ. ತಮಗಾದ ತೊಂದರೆಗೆ ವಿಷಾದಿಸುತ್ತೇವೆ. ಹಳೆಯ ಅಂಟಿನ ತಯಾರಿಕೆಯನ್ನು ಕಳೆದ ವರ್ಷ ನಿಲ್ಲಿಸಲಾಗಿದೆ. ಹೊಸ ಅಂಟನ್ನು ಶುಚಿಯಾದ, ಒಣಗಿದ ಮೇಲ್ಮೈಗೆ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲಿನ ಸೂಚನೆಗಳನ್ನು ಪಾಲಿಸಬೇಕಾಗಿ ವಿನಂತಿ. ಡಬ್ಬಿಯ ತಳದಲ್ಲಿರುವ ಸಂಖ್ಯೆಯನ್ನು ತಿಳಿಸಿದರೆ ಪರಿಶೀಲಿಸಲು ಅನುಕೂಲ.

ತಮ್ಮ ವಿಶ್ವಾಸಿ,
ಪರೀಕ್ಷಾ ಕೊಠಡಿ

(ಕೆಳಗೆ, ಪೆನ್ನಿನಲ್ಲಿ) ಗೇಟಿನ ಹತ್ತಿರ ಯಾರನ್ನು ನಿಲ್ಲಿಸಿದ್ದೀಯ?


ಜನವರಿ 24

ಎಲೇ ಮೆಣಸಿನಕಾಯಿ,

ನೀನಾ!

ಕೊನೆಯ ಸಾಲು ನೋಡಿದ ತಕ್ಷಣ ಗೊತ್ತಾಯಿತು. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಮೂರು ವರ್ಷ ಎರಡು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದೇ ಒಂದು ಕಾರ್ಡು. ‘ಕೆಲಸ ಸಿಕ್ಕಿದೆ, ಹುಡುಕಬೇಡ.’ ಫೋನ್ ಮಾಡಿದರೆ ಯಾವಳೋ ಒಬ್ಬಳು ಈ ನಂಬರ್ ಬಳಕೆಯಲ್ಲಿಲ್ಲ ಅನ್ನುತ್ತಾಳೆ. ಅವಳಿಗೂ ನಾಲ್ಕು ಸಲ ಬೈದಿದ್ದೇನೆ, ಪಾಪ.

ಈಗ ನೋಡಿದರೆ ಮಗಳು ಅಂಟಿನ ಕಾರ್ಖಾನೆಯಲ್ಲಿ ಕೂತು ನನಗೆ ಗೌರವಾನ್ವಿತ ಗ್ರಾಹಕರೇ ಎಂದು ಬರೆಯುತ್ತಾಳೆ! ಹೆತ್ತವಳು ಗ್ರಾಹಕಳಾದಳಾ? ಶುಚಿಯಾದ ಮೇಲ್ಮೈ ಅಂತೆ. ಧೂಳು ಒರೆಸದೆ ಅಂಟು ಹಚ್ಚಿದರೆ ಸ್ಕೇಲಿನಲ್ಲಿ ಏಟು ತಿಂದವಳು ನೀನು, ನಾನಲ್ಲ.

ಒಂದು ಕೇಳುತ್ತೇನೆ, ನಿಜ ಹೇಳು. ನನ್ನ ಅಂಟು ಕೆಡಿಸಿದ್ದು ನೀನಾ?

ಇನ್ನೊಂದು. ಹೋಗುವಾಗ ಮಾದರಿಯ ಬಾಲ್ಕನಿಯಿಂದ ನಿನ್ನ ಗೊಂಬೆಯನ್ನು ಕಿತ್ತುಕೊಂಡು ಹೋಗಿದ್ದೀಯ. ಅದು ನಾನು ಮಾಡಿದ ಗೊಂಬೆ. ಕದ್ದ ಮಾಲು.

ಸಿಟ್ಟಿನಿಂದ,
ಅಮ್ಮ

ತಾ.ಕ.: ಫೋನ್ ನಂಬರ್ ಕಳಿಸಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ಪೂರ್ತಿ ಬೈಯಬಹುದು.


ಜನವರಿ 30

ಅಮ್ಮ,

ಪೂರ್ತಿ ಬೈಯುವುದು ನಿನಗೊಬ್ಬಳಿಗೇ ಬರುವುದಿಲ್ಲ. ಕೇಳು.

ಇಲ್ಲಿ ನನ್ನ ಕೆಲಸವೇ ಕೀಳುವುದು. ರಟ್ಟಿಗೆ, ಗಾಜಿಗೆ, ತಗಡಿಗೆ ಅಂಟಿನ ಪಟ್ಟಿ ಅಂಟಿಸಿ, ಯಂತ್ರಕ್ಕೆ ಸಿಕ್ಕಿಸಿ ಎಳೆಯುತ್ತೇನೆ. ಎಷ್ಟು ಎಳೆದರೆ ಬಿಡುತ್ತದೆ, ಬಿಡುವಾಗ ಏನು ಹರಿಯುತ್ತದೆ ಎಂದು ಬರೆದಿಡುತ್ತೇನೆ. ಸಂದರ್ಶನದಲ್ಲಿ ಕೇಳಿದರು, “ಈ ಕೆಲಸದ ಅನುಭವ ಇದೆಯೇನಮ್ಮಾ?” “ಇದೆ ಸಾರ್, ನಮ್ಮನೇಲಿ ಅಪ್ಪನ್ನೇ ಕಿತ್ರು” ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

ಏಳು ತಿಂಗಳು ಮಲಗಿದ್ದ ಅಪ್ಪ ಗುರುವಾರ ಹೋದರು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮುಖ ತೊಳೆದು ಬಂದು ನೋಡಿದರೆ ಮಾದರಿಯ ಗೇಟು ಖಾಲಿ. ಅಪ್ಪ ಬಿಸ್ಕೆಟ್ ಡಬ್ಬಿಯಲ್ಲಿ. ಒಂದು ದಿನ ತಡೆಯಲಾಗಲಿಲ್ಲವೇ ನಿನಗೆ? ಬೇಕರಿಯವಳ ಅತ್ತೆ ಸತ್ತಾಗ ಒಂದು ವಾರ ಬಿಟ್ಟಿದ್ದೆ. ಗಂಡನಿಗೆ ಒಂದು ರಾತ್ರಿ!

ಹೌದು, ನಾನೇ ತೆಗೆದು ಮತ್ತೆ ನಿಲ್ಲಿಸಿದೆ. ಅಂಗಾಲಿಗೂ ಹಚ್ಚಿದೆ, ಗೇಟಿನ ಮುಂದಿನ ನೆಲಕ್ಕೂ ಹಚ್ಚಿದೆ, ಎರಡನ್ನೂ ಒಣಗಿಸಿ ಒತ್ತಿದೆ. ಕ್ಲಾಸಿನಲ್ಲಿ ನೀನೇ ಹೇಳುತ್ತಿದ್ದೆಯಲ್ಲ, “ಒಂದು ಕಡೆ ಹಚ್ಚಿದ್ರೆ ಬಾಡಿಗೆಯವರು, ಎರಡೂ ಕಡೆ ಹಚ್ಚಿದ್ರೆ ಗಂಡ!” ಮಕ್ಕಳೆಲ್ಲ ನಗುತ್ತಿದ್ದರು. ನಾನು ನಿನ್ನ ಮಾತನ್ನು ನಂಬಿ ಅಂಟಿಸಿದೆ. ನೀನು ಬ್ಲೇಡು ತಂದು ಕಿತ್ತೆ. ಟಕ್ ಅಂತು. ಆ ಸದ್ದು ಈಗಲೂ ಕೇಳುತ್ತದೆ. ಅಪ್ಪನ ಕಾಲು ಮುರಿದೆ ಅಮ್ಮ, ಮುರಿದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಒಂದು ಹನಿ ಕಣ್ಣೀರಿಲ್ಲ. ಅವತ್ತು ಮಧ್ಯಾಹ್ನವೇ ನಾನು ಹೊರಟೆ.

ಈಗ ಆ ಗೇಟಿನ ಹತ್ತಿರ ಇನ್ನೊಂದು ಗೊಂಬೆ ನಿಂತಿದೆಯಂತೆ, ಬಿದ್ದರೆ ನಿನಗೆ ಜೀವ ಹೋಗುತ್ತದಂತೆ. ಯಾರದು? ಅಳತೆಗೆ ನಾಲ್ಕು ಸಲ ಬರುವವರು ಯಾರಮ್ಮ? ಒಂದು ಹಲಗೆಗೆ ಉದ್ದ ಒಂದು, ಅಗಲ ಒಂದು. ಎರಡು ನಿಮಿಷದ ಕೆಲಸ.

ಅರ್ಧ ಬೀದಿ ನಾನು ಕಟ್ಟಿದ್ದು. ಎಲ್ಲ ಕಿಟಕಿಗಳೂ ನನ್ನವು, ಬೇಕರಿಯ ಬ್ರೆಡ್ಡೂ ನನ್ನದು. ಅಪ್ಪನ ಗೊಂಬೆಯ ಸೊಂಟಕ್ಕೆ ಬೀಗದಕೈ ಗೊಂಚಲನ್ನು ಹೇರ್‌ಪಿನ್ ಕತ್ತರಿಸಿ ಮಾಡಿದಾಗ ನನಗೆ ಹನ್ನೆರಡು ವರ್ಷ. ಗಾಜು ಮುಚ್ಚುವ ಮೊದಲು ಅಪ್ಪ ಅಲ್ಲಿರಬೇಕು. ಇಲ್ಲದಿದ್ದರೆ ಲೈಬ್ರರಿಗೆ ನಾನೇ ಕಾಗದ ಬರೆಯುತ್ತೇನೆ, ಇದು ಸುಳ್ಳು ಬೀದಿ, ಇದನ್ನು ಇಡಬೇಡಿ ಎಂದು. ಮಾಡುತ್ತೇನೆ ನೋಡು.

ಅಂಟಿನ ವಿಷಯ ಆಮೇಲೆ.

ಪರೀಕ್ಷಾ ಕೊಠಡಿ
(ಮಗಳು ಎಂದು ಬರೆಯಲು ಕೈ ಬರುತ್ತಿಲ್ಲ)


ಫೆಬ್ರವರಿ 5

ಪರೀಕ್ಷಾ ಕೊಠಡಿಯವಳಿಗೆ,

ಬಾಯಿಗೆ ಬಂದದ್ದನ್ನೆಲ್ಲ ಬರೆದು ಅಂಚೆಗೆ ಹಾಕಿಬಿಟ್ಟೆಯಾ? ನಾಲಿಗೆಗೆ ಮೂಳೆಯಿಲ್ಲ ಎಂದು ಕೇಳಿದ್ದೆ. ನಿನ್ನ ಪೆನ್ನಿಗೂ ಇಲ್ಲ.

ಲೈಬ್ರರಿಯವರು ಅಳತೆ ಬರೆದ ಚೀಟಿಯನ್ನು ಮೂರು ಸಲ ಕಳೆದುಕೊಂಡರು. ನಾಲ್ಕನೇ ಸಲ ನಾನೇ ಅವರ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿ ಕಳಿಸಿದೆ. ಇಷ್ಟೇ ಕಥೆ. ಅದಕ್ಕೆ ನೀನು ಕೈಕಾಲು ಜೋಡಿಸಿದೆ. ಥೂ, ನಾಚಿಕೆಯಾಗಬೇಕು.

ಒಂದು ರಾತ್ರಿ ತಡೆಯಲಾಗಲಿಲ್ಲವೇ ಎಂದು ಕೇಳಿದ್ದೀಯ. ಏಳು ತಿಂಗಳ ರಾತ್ರಿಗಳನ್ನು ತಡೆದವಳು ಯಾರು? ನೀನು ಶನಿವಾರ ಬಂದು, ಅಪ್ಪನ ಕೈ ಹಿಡಿದು ಅತ್ತು, ಭಾನುವಾರ ಸಂಜೆ ಬಸ್ಸು ಹತ್ತುತ್ತಿದ್ದೆ. ಮಗ್ಗುಲು ಬದಲಾಯಿಸಿದವಳು ನಾನು. ಬಟ್ಟೆ ಬದಲಾಯಿಸಿದವಳು ನಾನು. ಅಳುವುದಕ್ಕೆ ಎರಡು ಕೈ ಬಿಡುವಾಗಿರಬೇಕು ಕಣೇ. ನನಗೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎದ್ದು ಆ ರೂಮಿಗೆ ಹೋದೆ. ಮಂಚ ಖಾಲಿ. ಈಚೆ ತಿರುಗಿದರೆ ಮೇಜಿನ ಮೇಲಿನ ಮಾದರಿಯಲ್ಲಿ ಅವರು, ಗೇಟಿನ ಚಿಲಕದ ಮೇಲೆ ಕೈಯಿಟ್ಟು. ಒಳಗೆ ಬರುತ್ತಿದ್ದಾರೋ ಹೊರಗೆ ಹೋಗುತ್ತಿದ್ದಾರೋ ತಿಳಿಯದ ಹಾಗೆ. ಹತ್ತೊಂಬತ್ತು ವರ್ಷದಿಂದ ಹಾಗೇ ನಿಂತಿದ್ದರು, ಅವತ್ತು ಮಾತ್ರ ನೋಡಲಾಗಲಿಲ್ಲ. ತೆಗೆದಿಟ್ಟೆ. ಅದಕ್ಕೆ ನಿಯಮ ಗಿಯಮ ಏನೂ ಇಲ್ಲ.

ಅದನ್ನು ಕೇಳದೆ ನೀನು ಎರಡೂ ಕಡೆ ಹಚ್ಚಿದೆ. ಬಿಡಿಸಲಾಗದ ಹಾಗೆ! ದಿನಾ ನೋಡಬೇಕಾದವಳು ನಾನು, ಭಾನುವಾರ ಬಸ್ಸು ಹತ್ತುವವಳು ನೀನು. ಹಚ್ಚುವ ಮೊದಲು ಒಂದು ಮಾತು ಕೇಳಿದೆಯಾ? ಅವರು ನಿನಗೆ ಅಪ್ಪ. ನನಗೆ ಯಾರೂ ಅಲ್ಲವಾ?

ಗೇಟಿನ ಬಳಿ ಯಾರಿದ್ದಾರೆ ಎಂದು ಹೇಳುವುದಿಲ್ಲ. ಲೈಬ್ರರಿಗೆ ಬರೆಯುತ್ತೀಯಾ? ಬರೆ. ನಿನ್ನ ಕಾಗದವನ್ನೂ ಅವರು ಕಳೆದುಕೊಳ್ಳುತ್ತಾರೆ.

ಅಂಟಿನ ಪ್ರಶ್ನೆಗೆ ಉತ್ತರ ಬಂದಿಲ್ಲ. ನೀನಾ?

ಅಮ್ಮ


ಫೆಬ್ರವರಿ 22

ಅಮ್ಮ,

ನಾನೇ.

ಹಳೆಯ ಡಬ್ಬಿಯ ವಾಸನೆ ನೆನಪಿದೆಯಾ? ಮುಚ್ಚಳ ತೆಗೆದರೆ ಮೂಗಿಗೆ ಘಮ್ಮೆಂದು ಬಡಿಯುತ್ತಿತ್ತಲ್ಲ, ಅದು ನಮ್ಮ ಮನೆಯ ವಾಸನೆ ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಅದು ರಬ್ಬರ್ ಕರಗಿಸುವ ದ್ರಾವಕದ ವಾಸನೆ. ಕೆಳಗಿನ ಶೆಡ್ಡಿನಲ್ಲಿ ಡಬ್ಬಿ ತುಂಬುವ ಹೆಂಗಸರು ಹದಿನಾಲ್ಕು ಜನ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಒಬ್ಬಾಕೆ ನನ್ನೆದುರೇ ಕುಸಿದಳು. ಸೂಪರ್‌ವೈಸರು, “ಏಳಮ್ಮಾ, ಮನೇಲಿ ತಿಂಡಿ ತಿಂದು ಬರೋಕಾಗಲ್ವಾ?” ಅಂದ. ನನಗೆ ಎಲ್ಲಿತ್ತೋ ಸಿಟ್ಟು! ಆ ದ್ರಾವಕ ತೆಗೆದು ನೀರಿನಲ್ಲಿ ಬೆರೆಸಿದ ರಬ್ಬರ್ ಹಾಕಿ ಎಂದು ಎಂಟು ತಿಂಗಳು ಜಗಳ ಆಡಿದೆ. ಯಾರ ಮಗಳು ನಾನು! ಕೊನೆಗೆ ಒಪ್ಪಿದರು. ಪರೀಕ್ಷೆ ಮಾಡಿ, ಪಾಸು ಎಂದು ಸಹಿ ಹಾಕಿದವಳು ನಾನೇ. ಈಗ ಅವರು ನೆಟ್ಟಗೆ ನಡೆಯುತ್ತಾರೆ. ನಿನ್ನ ದರ್ಜಿ ಚರಂಡಿಗೆ ಬಿದ್ದರೆ ಬೀಳಲಿ.

ಆದರೂ ಅವನು ಯಾಕೆ ಬಿದ್ದ ಎಂದು ಹುಡುಕಿದೆ. ಹದಿನೇಳು ದಿನ ಉತ್ತರ ಬರೆಯದೆ ಇದ್ದದ್ದು ಅದಕ್ಕೆ. (ಸಿಟ್ಟಿಗೂ ಹೌದು.) ನಿನ್ನ ಹಾಗೆ ಮಣ್ಣಿನ ಗೊಂಬೆ ಮಾಡಿ, ಆಯಿಲ್ ಪೇಂಟ್ ಬಳಿದು, ಅಂಟಿಸಿ ನೋಡಿದೆ. ನಿನ್ನ ತಪ್ಪು ಎರಡು. ಒಂದು, ಅಂಗಾಲಿನ ಬಣ್ಣ ನುಣ್ಣಗಿದೆ; ಉಪ್ಪಿನ ಕಾಗದದಲ್ಲಿ ಉಜ್ಜಿ ಒರಟು ಮಾಡು. ಎರಡನೆಯದು ದೊಡ್ಡದು. ನೀನು ಈಗಲೂ ಅರವತ್ತು ಎಣಿಸಿ ಒತ್ತುತ್ತಿದ್ದೀಯ, ಅಲ್ಲವಾ? ಇದು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆ ಬಿಳಿ ಪೂರ್ತಿ ಹೋಗಿ ಗಾಜಿನ ಹಾಗೆ ಕಾಣುವವರೆಗೆ ಮುಟ್ಟಬಾರದು. ಹದಿನೈದು ನಿಮಿಷ. ಡಬ್ಬಿಯ ಮೇಲೆ ಬರೆದಿದೆ. ಡಬ್ಬಿಯ ಮೇಲಿನದನ್ನು ಓದುವುದು ಗೋಂದು ಟೀಚರಿಗೆ ಅವಮಾನ.

ಶನಿವಾರ ಬಂದು ಭಾನುವಾರ ಹೋಗುತ್ತಿದ್ದೆ ಎಂದೆ. ನಿಜ. ಸೋಮವಾರ ರಜೆ ಹಾಕಿದ್ದರೆ ಆಗ ಇದ್ದ ಕೆಲಸ ಹೋಗುತ್ತಿತ್ತು, ಅದೂ ನಿಜ. ಆದರೆ ಒಂದೆರಡು ಸಲ ರಜೆ ಇದ್ದರೂ ಹೋಗಿದ್ದೇನೆ. ಅಪ್ಪನನ್ನು ಹಾಗೆ ನೋಡಲಾಗುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಾ? “ಊರಿನ ಬೀಗ ಎಲ್ಲಾ ತೆಗೀತೀನಿ, ನಿಮ್ಮಮ್ಮನ ಬಾಯಿಗೆ ಮಾತ್ರ ಒಂದು ಬೀಗ ಹಾಕೋಕಾಗಲಿಲ್ಲ.” ಮೂರು ವರ್ಷ ಆ ಬಾಯಿಯ ಸದ್ದಿಲ್ಲದೆ ಇದ್ದೇನೆ. ಈಗಂತೂ ಬಾಯಿ ಬಿಡು. ಗೇಟಿನ ಹತ್ತಿರ ಯಾರು?

ಮೆಣಸಿನಕಾಯಿ


ಮಾರ್ಚ್ 2

ಮೆಣಸಿನಕಾಯಿಗೆ,

ಆ ಹದಿನಾಲ್ಕು ಜನ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಸೂಪರ್‌ವೈಸರನ ಹೆಸರು ವಿಳಾಸ ಕಳಿಸು, ಅವನಿಗೊಂದು ಕಾಗದ ಬರೆಯುವುದಿದೆ.

ನೀನು ಹೇಳಿದ ಹಾಗೆ ಮಾಡಿದೆ. ಉಪ್ಪಿನ ಕಾಗದ ಉಜ್ಜಿದೆ. ಹದಿನೈದು ನಿಮಿಷ ಕೈಕಟ್ಟಿ ಕೂತೆ. ಕೂರುವುದು ಎಷ್ಟು ಕಷ್ಟವಾಯಿತು ಎಂದು ನಿನಗೇ ಗೊತ್ತು. ಎಲ್ಲರೂ ನಿಂತರು. ದರ್ಜಿ ನಿಂತ. ಹಲ್ಲಿನ ಡಾಕ್ಟರು ಮರ್ಯಾದಸ್ಥರಾಗಿ ಒಂದು ಮಾರು ದೂರ ನಿಂತರು. ಅರವತ್ತೆರಡು ಜನ ನಿಂತರು.

ಒಬ್ಬರು ನಿಲ್ಲಲಿಲ್ಲ.

ಸರಿ, ಕೇಳು. ಅವತ್ತು ನೀನು ಬ್ಯಾಗು ಹೊತ್ತು ಮೆಟ್ಟಿಲಿಳಿದ ಮೇಲೆ ಮಾದರಿಯ ಹತ್ತಿರ ಬಂದೆ. ನೀನು ಎರಡೂ ಕಡೆ ಹಚ್ಚಿದ ಅಂಟು ಬಿಟ್ಟಿರಲಿಲ್ಲ. ಗೊಂಬೆ ಮುರಿದು ಕೈಗೆ ಬಂದಿತ್ತು, ಪಾದಗಳು ಬಂದಿರಲಿಲ್ಲ. ಗೇಟಿನ ಮುಂದೆ ಎರಡು ಪಾದ, ಚಪ್ಪಲಿ ಸಮೇತ. ಬ್ಲೇಡು ಹಾಕಿದೆ, ಬರಲಿಲ್ಲ. ಕೀಳಬೇಕಾದರೆ ನೆಲವನ್ನೇ ಕೀಳಬೇಕಿತ್ತು. ಬಿಟ್ಟೆ. ನೋಡಬಾರದೆಂದು ಮೇಲೊಂದು ಬೆಂಕಿಪೊಟ್ಟಣ ಇಟ್ಟೆ. ಬೆಂಕಿಪೊಟ್ಟಣ ನೋಡಿದರೂ ಅದೇ ನೆನಪು.

ಹದಿಮೂರನೇ ದಿನವೋ ಹದಿನಾಲ್ಕನೇ ದಿನವೋ ಬಿಸ್ಕೆಟ್ ಡಬ್ಬಿ ತೆಗೆದೆ. ಅವರನ್ನು ತಂದು ಅವರ ಪಾದದ ಮೇಲೇ ನಿಲ್ಲಿಸಿದೆ. ಮುರಿದ ಕಡೆ ಸಾಸಿವೆಯಷ್ಟು ಅಂಟು, ಒಂದೇ ಕಡೆ. ನಿಂತರು. ಅವತ್ತು ನನಗೆ ಅಳು ಬಂತು. ಎರಡು ಕೈಯೂ ಬಿಡುವಾಗಿದ್ದವು.

ಅಷ್ಟು ಸಣ್ಣ ಜಾಗ, ಒಂದು ದಿನ ಹಿಡಿಯುತ್ತಿತ್ತು. ಮಾರನೇ ಬೆಳಿಗ್ಗೆ ಒಂದಿಷ್ಟು ವಾಲಿರುತ್ತಿದ್ದರು. ಹಳೆಯ ಅಂಟು ಉಜ್ಜಿ ತೆಗೆದು, ಹೊಸದು ಹಚ್ಚಿ, ಅರವತ್ತು ಎಣಿಸಿ ನಿಲ್ಲಿಸುತ್ತಿದ್ದೆ. ಎಣಿಸುವಾಗ ನಿನ್ನೆ ನಡೆದದ್ದು ಹೇಳುತ್ತಿದ್ದೆ. ಬೇಕರಿಯವಳ ಮಗಳ ಸಂಗತಿ, ಶಾಲೆಯ ಜಗಳ, ನಿನ್ನ ಸುದ್ದಿ ಬರಲಿಲ್ಲ ಅನ್ನುವುದು. ಮೂರು ವರ್ಷ ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ. ಡಿಸೆಂಬರಿನಲ್ಲಿ ಹಳೆಯ ಡಬ್ಬಿ ಮುಗಿಯಿತು. ಹೊಸದರಲ್ಲಿ ದಿನಕ್ಕೆ ಮೂರು ಸಲ ಬಿದ್ದರು. ಈಗ ನಿನ್ನ ಪ್ರಕಾರ ಹಚ್ಚಿದರೆ ಎರಡು ಸಲ ಬೀಳುತ್ತಾರೆ. ದೊಡ್ಡ ಸುಧಾರಣೆ!

ಗೇಟಿನ ಹತ್ತಿರ ಯಾರು ಎಂದು ಕೇಳಿದ್ದೆಯಲ್ಲ. ಇನ್ಯಾರಿರುತ್ತಾರೆ, ಮುಠ್ಠಾಳೆ?

ಹದಿನೈದಕ್ಕೆ ಗಾಜು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಬಿದ್ದರೆ ಎತ್ತುವವರಿಲ್ಲ, ಎಂದೆಂದಿಗೂ ಬಿದ್ದೇ ಇರುತ್ತಾರೆ, ಲೈಬ್ರರಿಗೆ ಬಂದ ಮಕ್ಕಳೆಲ್ಲ ನೋಡುತ್ತಾರೆ. ತೆಗೆದು ಡಬ್ಬಿಗೆ ಹಾಕಿದರೆ ಗೇಟಿನ ಮುಂದೆ ಬರೀ ಪಾದ. ಅವರು ನಿಲ್ಲಬೇಕಾದರೆ ಇರುವುದು ಒಂದೇ ದಾರಿ, ಎರಡೂ ಕಡೆ. ಅದು ನನಗೆ ಗೊತ್ತಿದೆ. ನಾಲ್ಕು ಸಲ ಕುಂಚ ಎತ್ತಿದೆ. ಆಗಲಿಲ್ಲ.

ಕಾಲು ಮುರಿದದ್ದು ನಾನು, ಒಪ್ಪಿದೆ. ಕೇಳದೆ ಅಂಟಿಸಿದ್ದು ನೀನು, ನೀನೂ ಒಪ್ಪು. ಬಂದು ಅಂಟಿಸು. ಬರುವಾಗ ಕದ್ದ ಮಾಲು ಜೊತೆಗಿರಲಿ.

ಅಮ್ಮ


ಮಾರ್ಚ್ 6

ಅಮ್ಮ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿದೆ. ಓದಬಾರದಿತ್ತು. ಡಬ್ಬಿ ತುಂಬುವ ಹೆಂಗಸರು ಬಂದು, “ಯಾಕಮ್ಮಾ, ತಲೆ ಸುತ್ತಿತಾ?” ಎಂದು ನನ್ನನ್ನು ಗಾಳಿಗೆ ಕೂರಿಸಿದರು.

ಮೂರು ವರ್ಷ ಇದನ್ನು ಒಂದು ಕಾರ್ಡಿನಲ್ಲಿ ಬರೆಯಲಾಗಲಿಲ್ಲವೇ? ಎಲ್ಲಿಗೆ ಬರೆಯಲಿ ಅನ್ನುತ್ತೀಯ, ಗೊತ್ತು. ವಿಳಾಸ ಕೊಡದವಳು ನಾನೇ. ಒಪ್ಪಿದೆ. ಕೇಳದೆ ಅಂಟಿಸಿದ್ದನ್ನೂ ಒಪ್ಪಿದೆ. ಇವತ್ತಿಗೆ ಇಷ್ಟು ಸಾಕು, ಇನ್ನೂ ಒಪ್ಪಿಸಬೇಡ.

ಹದಿನೈದಕ್ಕೆ, ಶನಿವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಇಳಿಯುತ್ತೇನೆ. ಅಲ್ಲಿಯವರೆಗೆ ಕಾಲಿನ ತಂಟೆಗೆ ಹೋಗಬೇಡ. ಅಂಟಿಗೆ ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ನಾವಿಬ್ಬರೂ ಒಂದೇ ರೂಮಿನಲ್ಲಿ ಕೂತಿರಬೇಕಾಗುತ್ತದೆ. ಒಂದು ಜಗಳಕ್ಕೆ ಸಾಲುತ್ತದೆ.

ಮಗಳು


ಮಾರ್ಚ್ 24

ಅಂಟು ಕಾರ್ಖಾನೆಯ ಗ್ರಾಹಕರ ದೂರು ವಿಭಾಗದವರಿಗೆ,

ಜನವರಿಯ ದೂರನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಹಿಗ್ಗಬೇಡಿ. ಇನ್ನೆರಡು ಸೇರಿಸಲು ಬರೆಯುತ್ತಿದ್ದೇನೆ.

ಮೊದಲನೆಯದು. ಹದಿನೈದು ನಿಮಿಷ ಕಾಯಬೇಕು ಅನ್ನುವುದನ್ನು ಡಬ್ಬಿಯ ಮೇಲೆ ಇರುವೆ ಓದಲಿ ಎಂದು ಬರೆದ ಹಾಗೆ ಬರೆದಿದ್ದೀರಿ. ‘ಹೊಸ, ಸುಧಾರಿತ’ ಮಾತ್ರ ಇಷ್ಟು ದಪ್ಪ. ಅದಲುಬದಲು ಮಾಡಿ.

ಎರಡನೆಯದು. ನಿಮ್ಮ ಅಂಟು ಹಿಡಿದಿದೆ.

ಹದಿನೈದನೇ ತಾರೀಕು ನಿಮ್ಮ ಪರೀಕ್ಷಾ ಕೊಠಡಿಯವಳು ನಮ್ಮ ಮನೆಗೆ ಬಂದಿದ್ದಳು. ಮೂರು ವರ್ಷದಲ್ಲಿ ಸೊರಗಿದ್ದಾಳೆ, ಅದೂ ನಿಮ್ಮ ಲೆಕ್ಕಕ್ಕೇ. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಆಮೇಲೆ ಅವಳು, “ಕುಂಚ ಎಲ್ಲಿ?” ಅಂದಳು. ನೆಲದ ಮೇಲಿದ್ದ ಪಾದಗಳಿಗೆ ಅವಳು ಹಚ್ಚಿದಳು. ಮುರಿದ ಕಾಲಿಗೆ ನನ್ನಿಂದ ಹಚ್ಚಿಸಿದಳು. “ನಂಗಾಗಲ್ಲ” ಅಂದೆ. “ಆಗುತ್ತೆ, ಇದು ನಿನ್ ಕಡೆ, ನೀನೇ ಹಚ್ಬೇಕು” ಅಂದಳು. ಹಚ್ಚಿದೆ.

ಆಮೇಲೆ ಹದಿನೈದು ನಿಮಿಷ ಜಗಳವಾಡಿದೆವು. ಭಾನುವಾರದ ಬಸ್ಸು, ಬ್ಲೇಡು, ಕಾರ್ಡು, ಫೋನ್ ನಂಬರು, ಒಂದನ್ನೂ ಬಿಡಲಿಲ್ಲ. ಗಾಜಿನ ಕೆಲಸದವರು ಹೊರಗೆ ಮೆಟ್ಟಿಲ ಮೇಲೆ ಕೂತು, “ಅಮ್ಮಾ, ಒಳಗೆ ಏನಾದ್ರೂ ಒಡೀತಾ?” ಎಂದು ಎರಡು ಸಲ ಕೇಳಿದರು. ಬಿಳಿ ಹೋಗಿ ಗಾಜಿನ ಹಾಗಾದಾಗ ಅವಳು ನನ್ನ ಮಾತನ್ನು ಅರ್ಧಕ್ಕೇ ತಡೆದು, “ಈಗ” ಅಂದಳು. ನಾನು ಅವರನ್ನು ಪಾದಗಳ ಮೇಲೆ ನಿಲ್ಲಿಸಿದೆ. ಅವಳು ಒಂದು ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ಮೆಲ್ಲಗೆ ಎಳೆದು ನೋಡಿದೆವು. ಬರಲಿಲ್ಲ. ಗೇಟಿನ ಚಿಲಕದ ಮೇಲೆ ಕೈಯಿಟ್ಟು, ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ನೆಟ್ಟಗೆ ನಿಂತರು. ಗಾಜು ಮುಚ್ಚಿತು. ಸೋಮವಾರ ಲೈಬ್ರರಿಯವರು ನಾಲ್ಕು ಜನ ಬಂದು ಹೊತ್ತುಕೊಂಡು ಹೋದರು.

ಮಂಗಳವಾರ ಬೆಳಿಗ್ಗೆ ಎದ್ದವಳು ಅಭ್ಯಾಸಬಲದಿಂದ ಹಳದಿ ಡಬ್ಬಿ ತೆಗೆದು, ಕುಂಚ ಹಿಡಿದು ಮೇಜಿನ ಹತ್ತಿರ ಹೋದೆ. ಮೇಜು ಖಾಲಿ. ಮೂರು ವರ್ಷ ಅವರನ್ನು ಎತ್ತಿ ನಿಲ್ಲಿಸುವುದು ನನ್ನ ಬೆಳಗಿನ ಕೆಲಸವಾಗಿತ್ತು. ಈಗ ಅವರು ಬೀಳುವುದಿಲ್ಲ. ನಾನು ಹೇಳಬೇಕಾದ್ದನ್ನು ಯಾರಿಗೆ ಹೇಳಲಿ? ಇದಕ್ಕೆ ನಿಮ್ಮಲ್ಲಿ ಯಾರು ಜವಾಬ್ದಾರರು? ಉತ್ತರ ಬೇಕು.

ಇನ್ನೊಂದು ವಿಷಯ. ನಿಮ್ಮ ಪರೀಕ್ಷಾ ಕೊಠಡಿಯವಳು ತನ್ನ ಗೊಂಬೆಯನ್ನು ಗಾಜಿನೊಳಗೆ ಇಡಲು ಒಪ್ಪಲಿಲ್ಲ. “ನಾನು ಬೀದಿ ಬಿಟ್ಟವಳು, ನಿಯಮ ನಿಯಮಾನೇ” ಅಂದಳು. ತೆಗೆದುಕೊಂಡು ಹೋದಳೆಂದುಕೊಂಡಿದ್ದೆ. ಮಂಗಳವಾರ ನೋಡಿದರೆ ಖಾಲಿ ಮೇಜಿನ ಅಂಚಿನಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಡ್ಡಬಿದ್ದಿದೆ. ಅಂಗಾಲು ಉಜ್ಜಿಲ್ಲ. ಅಂಟು ಒಂದೇ ಕಡೆ, ಅದೂ ಬೆಳ್ಳಗಿರುವಾಗಲೇ ಒತ್ತಿದ್ದು. ಅಷ್ಟು ತಿಳಿದವಳು ಹಾಗೆ ಅಂಟಿಸಿಹೋಗಿದ್ದಾಳೆ. ಅದು ದಿನಾ ಬೀಳುತ್ತದೆ. ದಿನಾ ಬೆಳಿಗ್ಗೆ ಎತ್ತಿ ನಿಲ್ಲಿಸುತ್ತೇನೆ.

ಈ ಬಗ್ಗೆ ದೂರಿಲ್ಲ.

ಕ್ರಾಫ್ಟ್ ಟೀಚರ್